ಮಾಳಿಗೆ ಮೇಲೆ ಬಂದು ಕೂತ ಹಕ್ಕಿ ಯಾರದ್ದು?

ಕಳೆದುಹೋದ ಪಾರಿವಾಳ ವಾಪಸ್ ಬರುತ್ತಾ? ಕಣಕಟ್ಟೆ ಕಡೆ ಹಕ್ಕಿ ಸಾಕುವ ಹುಡುಗರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಒಬ್ಬ, 'ಮೂರು ದಿನ ನೋಡು, ಆಮೇಲೆ ಆಸೆ ಬಿಡು' ಅಂತಾನೆ. ಇನ್ನೊಬ್ಬ, 'ನಂದು ಎರಡು ತಿಂಗಳಾದ ಮೇಲೆ ಬಂತು, ಕಾಲಿಗೆ ದಾರ ಸುತ್ತಿಕೊಂಡಿತ್ತು' ಅಂತಾನೆ. ಮಾತಾಡುವಾಗ ಎಲ್ಲರ ಕಣ್ಣೂ ಆಕಾಶದ ಕಡೆಗೇ. ನನಗೆ ಅನಿಸುವುದು ಬೇರೆ. ಹಕ್ಕಿ ಬರುತ್ತೋ ಇಲ್ಲವೋ ಅಂತ ತಿಳಿಯಬೇಕಾದರೆ ಆಕಾಶಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಸುತ್ತಲ ಮಾಳಿಗೆಗಳನ್ನು. ದಾರಿ ಹಕ್ಕಿಗೆ ಗೊತ್ತು. ದಾರಿಯಲ್ಲಿ ಕೂತಿರುವವರು ನಾವು.

ಅರಸೀಕೆರೆ ತಾಲೂಕಿನ ಕಣಕಟ್ಟೆ ಹೋಬಳಿ ತೆಂಗು, ರಾಗಿಯ ಸೀಮೆ. ಬೇಲೂರು, ಸಕಲೇಶಪುರ, ಚಿಕ್ಕಮಗಳೂರು ಕಡೆ ಘಟ್ಟ ಹತ್ತಿ ಬಂದು ನೆಲೆ ನಿಂತ ನಮ್ಮ ಬ್ಯಾರಿಗಳಿಗೆ ಕಾಫಿ, ಕಾಳುಮೆಣಸು ಹೇಗೋ, ಈ ಬಯಲಿನವರಿಗೆ ಕೊಬ್ಬರಿ ಹಾಗೆ. ಇಲ್ಲಿನ ಉರ್ದು ಮಾತಾಡುವ ಮನೆಗಳಲ್ಲಿ ಅದು 'ಕಬೂತರ್', ಗೌಡರ ಮನೆ ಹುಡುಗನಿಗೆ ಪಾರಿವಾಳ. ಸಾಕುವ ಹುಚ್ಚಿಗೆ ಮಾತ್ರ ಜಾತಿ, ಧರ್ಮ ಇಲ್ಲ. ಹಳೆ ಹಲಗೆ, ತಂತಿ ಜಾಲರಿ, ಒಂದು ತಗಡು ಇದ್ದರೆ ಗೂಡು ಆಯಿತು. ಗೂಡಿನ ಖರ್ಚಿಗಿಂತ ಕಾಳಿನ ಖರ್ಚು ಜಾಸ್ತಿ ಅಂತ ಮನೆಯವರ ಗೊಣಗಾಟ ಬೇರೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಎಲ್ಲ ಪಾರಿವಾಳವೂ ದೂರದಿಂದ ಮನೆಗೆ ಬರುವುದಿಲ್ಲ. ಬಾಲ ಬೀಸಣಿಗೆಯಂತೆ ಹರಡಿಕೊಂಡು ನಿಲ್ಲುವ ಲಕ್ಕಾ ಅಂದಕ್ಕೆ ಸಾಕುವ ಹಕ್ಕಿ. ಅದನ್ನು ಪಕ್ಕದ ಊರಿಗೆ ಒಯ್ದು ಬಿಟ್ಟರೂ ಬೆಕ್ಕಿನ ಬಾಯಿಗೆ ಬೀಳುವುದೇ ಹೆಚ್ಚು. ಬಾಜಿ ಹಕ್ಕಿ ಗೂಡಿನ ನೆತ್ತಿಯ ಮೇಲೆ ಗಂಟೆಗಟ್ಟಲೆ ಎತ್ತರದಲ್ಲಿ ಸುತ್ತಬಲ್ಲದು, ಆದರೆ ಗಾಳಿ ಎತ್ತಿಕೊಂಡು ದೂರ ಒಯ್ದರೆ ಅದಕ್ಕೂ ಕಷ್ಟ. ದೂರದಿಂದ ಮನೆ ಹುಡುಕಿಕೊಂಡು ಬರುವ ಗುಣಕ್ಕೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದು ಹೋಮರ್. ಅಗಲ ಎದೆ, ಗಟ್ಟಿ ರೆಕ್ಕೆ, ಕೊಕ್ಕಿನ ಬುಡದಲ್ಲಿ ಬಿಳಿ ಉಬ್ಬು. ಗಂಟೆಗೆ 60ರಿಂದ 80 ಕಿ.ಮೀ. ಹಾರುತ್ತದೆ, ಗಾಳಿ ಹಿಂದಿನಿಂದ ಬಂದರೆ ಇನ್ನೂ ಜಾಸ್ತಿ. ಬೆಂಗಳೂರು, ಚೆನ್ನೈ, ಕೋಲ್ಕತ್ತಗಳಲ್ಲಿ ಓಟದ ಕ್ಲಬ್‌ಗಳು ಸಾಕುವುದು ಇದನ್ನೇ. ಹಳೇಬೀಡಿನ ಗುಡಿಯ ಸಂದಿಯಲ್ಲಿ ಕೂರುವ ಬೂದು ಪಾರಿವಾಳಕ್ಕೂ ಈ ಹೋಮರ್‌ಗೂ ಮೂಲ ಒಂದೇ. ಹಾಗಾಗಿ ಸೋತ ಹೋಮರ್ ಎಷ್ಟೋ ಸಲ ಗುಡಿಯ, ಗೋದಾಮಿನ ಕಾಡು ಹಿಂಡು ಸೇರಿಕೊಂಡು ಅಲ್ಲೇ ಉಳಿದುಬಿಡುತ್ತದೆ.

ಹೋಮರ್ ಅಂದಮಾತ್ರಕ್ಕೆ ಮೊಟ್ಟೆಯೊಡೆದ ದಿನದಿಂದಲೇ ದಾರಿ ಗೊತ್ತಿರುತ್ತದೆ ಅಂತಲ್ಲ. ಮರಿಗೆ ರೆಕ್ಕೆ ಬಲಿತು ಗೂಡಿನ ಸುತ್ತ ಹಾರಿ ಊರಿನ ಚಹರೆ ಮನಸ್ಸಿಗೆ ಹತ್ತಬೇಕು. ಆಮೇಲೆ ಬುಟ್ಟಿಯಲ್ಲಿಟ್ಟುಕೊಂಡು 2 ಕಿ.ಮೀ., 5 ಕಿ.ಮೀ., 10, 20, 50 ಅಂತ ಹೆಜ್ಜೆ ಹೆಜ್ಜೆಯಾಗಿ ದೂರ ಬಿಟ್ಟು ಕಲಿಸಬೇಕು. ಬೆಳೆದ ಹಕ್ಕಿಯನ್ನು ಬೆಂಗಳೂರಿಂದ ದುಡ್ಡು ಕೊಟ್ಟು ತಂದವರಿಗೆ ಇನ್ನೊಂದು ಪಾಠ ಆಗಿರುತ್ತದೆ. ಆರು ತಿಂಗಳು ಕಾಳು ಹಾಕಿ, ಜೋಡಿ ಕೂಡಿಸಿ, ಇನ್ನು ನಮ್ಮದೇ ಆಯಿತು ಅಂತ ಬಾಗಿಲು ತೆಗೆದ ದಿನ ಅದು ನೇರ ಬೆಂಗಳೂರಿಗೇ ಹೋಗುತ್ತದೆ. ನಾವು ಬರೆದುಕೊಂಡ ರಸೀದಿ ಹಕ್ಕಿಗೆ ಓದಲು ಬರಲ್ಲ. ಅದಕ್ಕೇ ತಿಳಿದವರು ಕೊಂಡು ತಂದ ಹಕ್ಕಿಯನ್ನು ಮರಿಗಾಗಿ ಒಳಗೇ ಇಟ್ಟುಕೊಂಡು, ಮರಿಯನ್ನು ಮಾತ್ರ ಹಾರಿಸುತ್ತಾರೆ.

ಅದು ದಾರಿ ಹೇಗೆ ಹಿಡಿಯುತ್ತದೆ? ವಿಜ್ಞಾನಿಗಳು ಎಪ್ಪತ್ತು ವರ್ಷಗಳಿಂದ ಇದರ ಹಿಂದೆ ಬಿದ್ದಿದ್ದಾರೆ, ಜಗಳ ಇನ್ನೂ ಮುಗಿದಿಲ್ಲ. ಹಕ್ಕಿಗಳು ಸೂರ್ಯನನ್ನೇ ದಿಕ್ಸೂಚಿ ಮಾಡಿಕೊಳ್ಳುತ್ತವೆ ಎಂದು ಜರ್ಮನಿಯ ಗುಸ್ತಾವ್ ಕ್ರಾಮರ್ 1950ರ ದಶಕದ ಆರಂಭದಲ್ಲಿ ತೋರಿಸಿದರು. ಸೂರ್ಯ ಚಲಿಸುತ್ತಲೇ ಇರುತ್ತಾನಲ್ಲ, ಹಾಗಾಗಿ ಹಕ್ಕಿಯೊಳಗೆ ಗಡಿಯಾರವೂ ಬೇಕು. ಕೋಣೆಯಲ್ಲಿ ಕೂಡಿಹಾಕಿ ಕೃತಕ ಬೆಳಕಿನಲ್ಲಿ ಹಗಲು ರಾತ್ರಿಯನ್ನು ಆರು ಗಂಟೆ ಆಚೀಚೆ ಮಾಡಿ ಹೊರಗೆ ಬಿಟ್ಟರೆ ಹಕ್ಕಿ ಸರಿಸುಮಾರು ಕಾಲು ಸುತ್ತು ತಪ್ಪಿ ಹೊರಡುತ್ತದೆ. ಉತ್ತರಕ್ಕೆ ಹೋಗಬೇಕಾದದ್ದು ಪೂರ್ವಕ್ಕೋ ಪಶ್ಚಿಮಕ್ಕೋ. ಮೋಡ ಮುಚ್ಚಿದ ದಿನವೂ ಪಳಗಿದ ಹಕ್ಕಿ ಮನೆಗೆ ಬರುತ್ತದಲ್ಲ, ಅದು ಹೇಗೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿಲಿಯಂ ಕೀಟನ್ 1971ರಲ್ಲಿ ಹಕ್ಕಿಗಳ ಬೆನ್ನಿಗೆ ಸಣ್ಣ ಅಯಸ್ಕಾಂತ ಅಂಟಿಸಿ ಬಿಟ್ಟು ನೋಡಿದರು. ಬಿಸಿಲಿದ್ದಾಗ ಏನೂ ತೊಂದರೆ ಇಲ್ಲ. ಮೋಡದ ದಿನ ದಿಕ್ಕು ತಪ್ಪಿದವು. ಅಂದರೆ ಭೂಮಿಯ ಅಯಸ್ಕಾಂತ ಶಕ್ತಿಯೂ ಅವಕ್ಕೆ ತಿಳಿಯುತ್ತದೆ. ಇಟಲಿಯ ಪೀಸಾದ ಫ್ಲೋರಿಯಾನೋ ಪಾಪಿ ಮತ್ತು ಸಂಗಡಿಗರು 1970ರ ದಶಕದಲ್ಲಿ ವಾಸನೆಯ ವಾದ ತಂದರು. ಮೂಗು ಕೆಲಸ ಮಾಡದ ಹಕ್ಕಿ ಗುರುತಿಲ್ಲದ ಜಾಗದಿಂದ ಮನೆ ಹುಡುಕಲಾರದು, ಗಾಳಿ ಹೊತ್ತು ತರುವ ವಾಸನೆಗಳಿಂದಲೇ ಅದು ನಕ್ಷೆ ಕಟ್ಟಿಕೊಳ್ಳುತ್ತದೆ ಎಂದು. ನನಗಂತೂ ಇದು ನಂಬುವಂಥದ್ದೇ ಅನಿಸುತ್ತದೆ. ಘಟ್ಟ ಇಳಿಯುವಾಗ ಕಣ್ಣು ಮುಚ್ಚಿ ಕೂತರೂ ಕರಾವಳಿ ಬಂತು ಅಂತ ನಮಗೇ ಗೊತ್ತಾಗುವುದಿಲ್ಲವೇ?

ಇಷ್ಟೆಲ್ಲ ಇದ್ದೂ, ಪರಿಚಯದ ಸೀಮೆಗೆ ಬಂದ ಮೇಲೆ ಹಕ್ಕಿ ನಮ್ಮ ಹಾಗೆಯೇ ರಸ್ತೆ ನೋಡಿಕೊಂಡು ಬರುತ್ತದೆ. ರೋಮ್ ಸುತ್ತಮುತ್ತ ಹಕ್ಕಿಗಳಿಗೆ ಪುಟ್ಟ ಜಿಪಿಎಸ್ ಕಟ್ಟಿ ನಡೆಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹೆದ್ದಾರಿಯ ಮೇಲೇ ಹಾರಿ, ತಿರುವು ಬಂದಲ್ಲಿ ತಿರುಗಿ ಹೋದ ಹಕ್ಕಿಗಳು ಅದರಲ್ಲಿ ಸಿಕ್ಕವು. ನಮ್ಮ ಕಡೆ ಇದರ ಅರ್ಥ ಏನು ನೋಡಿ. ಅರಸೀಕೆರೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಇಲ್ಲಿ ಹಾದು ಹೋಗುತ್ತದೆ, ಹಾಸನದ ಕಡೆಗೆ ಇನ್ನೊಂದು ಮಾರ್ಗ ಇಲ್ಲೇ ಕವಲೊಡೆಯುತ್ತದೆ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅರಸೀಕೆರೆಯಿಂದ ಬೆಂಗಳೂರಿಗೂ ಮಂಗಳೂರಿಗೂ ಹೆಚ್ಚುಕಮ್ಮಿ ಒಂದೇ ದೂರ, 150–160 ಕಿ.ಮೀ. ಬೆಂಗಳೂರಿನ ಒಳ್ಳೆ ಹೋಮರ್‌ಗೆ ಇದು ಎರಡು, ಎರಡೂವರೆ ಗಂಟೆಯ ಹಾದಿ. ಮಂಗಳೂರಿನ ಹಕ್ಕಿಗೆ ದೂರ ಅಷ್ಟೇ ಆದರೂ ನಡುವೆ ಘಟ್ಟ ಇದೆ, ಮಂಜು ಇದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಡೆಯುವ ಮಳೆ ಇದೆ. ಬಿಟ್ಟ ಜಾಗದಿಂದ ಹೊರಟು ಗಾಳಿಗೆ ಸಿಕ್ಕಿಯೋ ಬಾಯಾರಿಯೋ ಇಳಿಯುವ ಹಕ್ಕಿಗೆ ನಮ್ಮ ತೆಂಗಿನ ತೋಟದ ನಡುವಿನ ಮಾಳಿಗೆಗಳು, ತೊಟ್ಟಿಗಳು ಕಾಣುತ್ತವೆ. ಅಲ್ಲಿ ಆಗಲೇ ನಾಲ್ಕು ಪಾರಿವಾಳ ಕೂತಿದ್ದರಂತೂ ಇನ್ನೂ ಧೈರ್ಯ. ಹಕ್ಕಿಗೆ ಹಕ್ಕಿ ಕಂಡರೆ ಅಲ್ಲಿ ನೀರು, ಕಾಳು ಇದೆ ಅಂತಲೇ ಲೆಕ್ಕ.

ಇಲ್ಲಿಂದ ಮುಂದಿನ ಕಥೆ ಹಕ್ಕಿಯದಲ್ಲ, ನಮ್ಮದು.

ದಾರಿಯಲ್ಲಿ ಸಾಯುವ ಹಕ್ಕಿಗಳೂ ಉಂಟು, ಇಲ್ಲ ಅನ್ನುವುದಿಲ್ಲ. ಡೇಗೆ, ಗಿಡುಗ ಹಿಡಿಯುತ್ತವೆ. ವಿದ್ಯುತ್ ತಂತಿಗೆ ಬಡಿಯುತ್ತವೆ. ಗಾಳಿಪಟದ ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ದೇಶಾದ್ಯಂತ ನಿಷೇಧಿಸಿತು. ಆದರೂ ಮರದ ತುದಿಯಲ್ಲಿ ಜೋತುಬಿದ್ದ ದಾರ ರೆಕ್ಕೆ ಕೊಯ್ಯುವುದು ನಿಂತಿಲ್ಲ. ಗಿಡುಗಕ್ಕೆ ಹಸಿವು, ಅದನ್ನು ಬೈದು ಏನು ಪ್ರಯೋಜನ? ನನ್ನ ತಕರಾರು ಹಸಿವಿಲ್ಲದೆ ಹಿಡಿಯುವವರ ಮೇಲೆ. ಸೋತು ಇಳಿದ ಹಕ್ಕಿಯನ್ನು ಕಾಳು ಚೆಲ್ಲಿ ಒಳಗೆ ಕರೆದು, ಬಾಗಿಲು ಎಳೆದು, ಮೊದಲು ಮಾಡುವ ಕೆಲಸ ರೆಕ್ಕೆಯ ದೊಡ್ಡ ಗರಿ ಕತ್ತರಿಸುವುದು. ಕತ್ತರಿಸಿದ ಗರಿ ಹಾಗೇ ಬೆಳೆಯುವುದಿಲ್ಲ, ಮುಂದಿನ ಗರಿ ಉದುರುವ ಕಾಲದವರೆಗೆ ಹಕ್ಕಿ ನೆಲದ ಪ್ರಾಣಿ. ಎರಡನೆಯ ಕೆಲಸ ಕಾಲಿನ ರಿಂಗನ್ನು ಕತ್ತರಿಯಿಂದ ತೆಗೆಯುವುದು. ಆಮೇಲೆ ಸಂತೆಯಲ್ಲಿ ಮಾರಾಟ, ಅಥವಾ ಜೋಡಿ ಹಾಕಿ ಮರಿ ತೆಗೆಯುವುದು. ಇನ್ನು ಕೆಲವರು ರಿಂಗಿನಲ್ಲಿರುವ ನಂಬರಿಗೆ ಫೋನ್ ಮಾಡುತ್ತಾರೆ. ಮಾಡಿ, 'ಹಕ್ಕಿ ನನ್ನ ಹತ್ರ ಇದೆ, ಎಷ್ಟು ಕೊಡ್ತೀಯ?' ಅಂತಾರೆ. ಇದನ್ನು ಪತ್ತೆಗೆ ಕೊಡುವ ಬಹುಮಾನ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

2020ರ ನವೆಂಬರ್‌ನಲ್ಲಿ ಬೆಲ್ಜಿಯಂನ 'ನ್ಯೂ ಕಿಮ್' ಎಂಬ ಹೆಣ್ಣು ಹೋಮರ್ 16 ಲಕ್ಷ ಯೂರೋಗೆ ಹರಾಜಾಯಿತು. ಆ ಸುದ್ದಿ ಮೊಬೈಲಿನಲ್ಲಿ ಓಡಾಡಿದ ಮೇಲೆ ರಿಂಗು ಕಂಡ ಹಕ್ಕಿಯನ್ನೆಲ್ಲ ಲಾಟರಿ ಟಿಕೆಟ್ಟಿನ ಹಾಗೆ ನೋಡುವವರು ಹೆಚ್ಚಾದರೇನೋ. ಆ ಬೆಲೆ ಬರುವುದು ವಂಶದ ದಾಖಲೆಗೆ. ರಿಂಗು ಕತ್ತರಿಸಿದ ಗಳಿಗೆಯಲ್ಲೇ ದಾಖಲೆ ಹೋಯಿತು. ಉಳಿದದ್ದು ಬರೀ ಒಂದು ಪಾರಿವಾಳ.

ಕೇಳಿದರೆ ಬರುವ ಉತ್ತರ ಒಂದೇ. 'ಅದಾಗೇ ಬಂದು ಕೂತಿದ್ದು ಕಾಕಾ, ನಾನೇನು ಕದ್ದಿದ್ನಾ? ಅಲ್ಲಾಹು ಕಳಿಸಿದ ರಿಝ್ಕ್.' ಧರ್ಮದ ಹೆಸರು ಎಳೆದು ತಂದಿದ್ದರಿಂದ ಧರ್ಮದ ಪುಸ್ತಕದಲ್ಲೇ ಏನಿದೆ ನೋಡೋಣ.

ನಮ್ಮ ದರ್ಸ್‌ಗಳಲ್ಲಿ 'ಮಹಲ್ಲಿ' ಓದಿದ ಮುತಅಲ್ಲಿಮ್‌ಗಳಿಗೆ ಇದು ಗೊತ್ತಿರುವ ವಿಷಯ. ಅದು ಇಮಾಮ್ ನವವಿಯವರ 'ಮಿನ್‌ಹಾಜ್'ನ ವ್ಯಾಖ್ಯಾನ. ನವವಿ ಸಿರಿಯಾದವರು, 1277ರಲ್ಲಿ ತೀರಿಕೊಂಡರು. ಶಾಫಿಈ ಮದ್‌ಹಬ್‌ನ ನಮಗೆ ಅವರ ಮಾತು ದೊಡ್ಡದು. ಬಿದ್ದು ಸಿಕ್ಕ ವಸ್ತುವಿನ ಅಧ್ಯಾಯದ ಬುನಾದಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಒಂದು ಹದೀಸ್. ಕಳೆದುಹೋದ ಆಡಿನ ಬಗ್ಗೆ ಕೇಳಿದಾಗ ಪ್ರವಾದಿಯವರು(ಸ), ನೀನು ಹಿಡಿದುಕೊಳ್ಳದಿದ್ದರೆ ಬೇರೆಯವನೋ ತೋಳವೋ ಹಿಡಿಯುತ್ತದೆ ಎಂಬ ಅರ್ಥದಲ್ಲಿ ಉತ್ತರಿಸಿದರು. ಒಂಟೆಯ ಬಗ್ಗೆ ಕೇಳಿದಾಗ ಮಾತ್ರ ಅವರಿಗೆ ಸಿಟ್ಟು ಬಂತು. ಅದರ ನೀರು ಅದರಲ್ಲೇ ಇದೆ, ಕಾಲೂ ಇದೆ, ಯಜಮಾನ ಸಿಗುವವರೆಗೆ ಅದರ ಪಾಡಿಗೆ ಅದು ಇರುತ್ತದೆ, ನಿನಗೇಕೆ ಅದರ ಉಸಾಬರಿ ಎಂಬುದು ಆ ಉತ್ತರದ ಸಾರ. ನವವಿ ಈ ಒಂಟೆಯ ಸಾಲಿಗೆ ಇನ್ನು ಯಾವುದೆಲ್ಲ ಸೇರುತ್ತದೆ ಎಂದು ಪಟ್ಟಿ ಕೊಡುತ್ತಾರೆ. ಬಲದಿಂದ ತನ್ನನ್ನು ಕಾಪಾಡಿಕೊಳ್ಳುವುದು ಒಂಟೆ, ಕುದುರೆ. ಓಟದಿಂದ ಮೊಲ, ಜಿಂಕೆ. ಹಾರಾಟದಿಂದ ಪಾರಿವಾಳ. ಹೌದು, ಪಾರಿವಾಳದ ಹೆಸರೇ ಅಲ್ಲಿದೆ. ನಿರ್ಜನ ಜಾಗದಲ್ಲಿ ಇಂಥ ಸಾಕುಪ್ರಾಣಿ ಕಂಡರೆ ಜೋಪಾನ ಮಾಡಲು ಹಿಡಿಯಬಹುದು, ತನ್ನದಾಗಿಸಿಕೊಳ್ಳಲು ಹಿಡಿಯುವುದು ಹರಾಮ್.

ಊರೊಳಗೆ ಸಿಕ್ಕರೆ? ಇಲ್ಲಿ ಕಿತಾಬ್ ಸ್ವಲ್ಪ ಸಡಿಲ ಬಿಡುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಊರಲ್ಲಾದರೆ ಎತ್ತಿಕೊಳ್ಳಬಹುದು, ಆದರೆ ಸಿಕ್ಕ ವಸ್ತುವಿನ ಎಲ್ಲ ನಿಯಮಗಳೊಂದಿಗೆ. ಅಂದರೆ ವರ್ಷ ಕಾಲ ಸಾರಬೇಕು, ಯಜಮಾನ ಬಂದರೆ ಕೊಡಬೇಕು. ಈ ವ್ಯತ್ಯಾಸ ಏಕೆ ಎಂಬುದಕ್ಕೆ ವ್ಯಾಖ್ಯಾನಕಾರರು ಕೊಡುವ ಕಾರಣ ನನಗೆ ಬಹಳ ಹಿಡಿಸಿತು. ಕಾಡಿನಲ್ಲಿ ಆ ಪ್ರಾಣಿ ಸುರಕ್ಷಿತ, ಊರಿನಲ್ಲಿ ಕಳ್ಳಗೈಗಳು ಚಾಚಿಕೊಂಡಿರುತ್ತವೆ. ಏಳುನೂರು ವರ್ಷದ ಹಿಂದೆಯೇ ನಮ್ಮ ಉಲಮಾಗಳು ತೋಳಕ್ಕಿಂತ ನೆರೆಮನೆಯವನ ಬಗ್ಗೆಯೇ ಹೆಚ್ಚು ಹುಷಾರಾಗಿದ್ದರು ಅಂದಾಯಿತು. ಗರಿ ಕತ್ತರಿಸಿ, ಗೋಣಿ ಮುಚ್ಚಿ ಅಟ್ಟದಲ್ಲಿಟ್ಟವನು ಸಾರಿದ್ದು ಯಾರಿಗೆ? ರಿಂಗಿನಲ್ಲಿ ಫೋನ್ ನಂಬರೇ ಇದ್ದ ಮೇಲೆ ವರ್ಷ ಕಾಯುವ ಮಾತೂ ಇಲ್ಲ, ಯಜಮಾನ ಯಾರೆಂದು ಗೊತ್ತಾಯಿತಲ್ಲ.

ಇನ್ನೊಂದು ಕಡೆ, ಬೇಟೆಯ ಅಧ್ಯಾಯದಲ್ಲಿ, ನವವಿ ಇನ್ನೂ ನೇರವಾಗಿ ಹೇಳುತ್ತಾರೆ. ಒಬ್ಬನ ಪಾರಿವಾಳ ಇನ್ನೊಬ್ಬನ ಗೂಡಿಗೆ ಹೋಗಿ ಸೇರಿದರೆ ಹಿಂದಿರುಗಿಸುವುದು ಅವನ ಮೇಲೆ ಕಡ್ಡಾಯ. 'ಅದಾಗೇ ಬಂದಿದ್ದು' ಎಂಬ ವಾದಕ್ಕೆ ಇದಕ್ಕಿಂತ ಉತ್ತರ ಬೇಕೇ? ಅದಾಗೇ ಬಂದ ಹಕ್ಕಿಯ ಬಗ್ಗೆಯೇ ಆ ಮಾತು. ನಮ್ಮೂರ ಕಡೆ ಹನಫಿ ಮನೆಗಳೇ ಹೆಚ್ಚು, ಅವರು ತಮ್ಮ ಮೌಲಾನಾರನ್ನು ಕೇಳಲಿ. ಇನ್ನೊಬ್ಬರ ಸೊತ್ತು ಇನ್ನೊಬ್ಬರದೇ ಎಂಬಲ್ಲಿ ಮದ್‌ಹಬ್‌ಗಳ ಜಗಳ ಇರಲಾರದು. ಗೂಡಿನ ಒಡೆಯ ಗೌಡರ ಹುಡುಗನೋ ಸಾಬರ ಹುಡುಗನೋ ಎಂಬುದೂ ಇಲ್ಲಿ ಲೆಕ್ಕಕ್ಕಿಲ್ಲ.

ಪಾರಿವಾಳ ಸಾಕುವುದೇ ಶೈತಾನ್ ಕೆಲಸ ಅಂತ ಹೇಳುವ ಹಿರಿಯರೂ ಇದ್ದಾರೆ. ಹಕ್ಕಿಯ ಹಿಂದೆ ಓಡುತ್ತಿದ್ದವನನ್ನು ಕಂಡು ಪ್ರವಾದಿಯವರು(ಸ) ಕಟುವಾಗಿ ಹೇಳಿದ ಮಾತು ಅಬೂದಾವೂದ್‌ನಲ್ಲಿದೆ, ನಿಜ. ಆದರೆ ಅದೇ ನವವಿಯವರು ಮರಿಗೆ, ಮೊಟ್ಟೆಗೆ, ಒಂಟಿತನ ಕಳೆಯಲು, ಕಾಗದ ಒಯ್ಯಲು ಪಾರಿವಾಳ ಸಾಕುವುದಕ್ಕೆ ಯಾವ ಅಡ್ಡಿಯೂ ಇಲ್ಲ ಎಂದಿದ್ದಾರೆ. ಬರೀ ಆಟಕ್ಕೆ ಹಾರಿಸುವುದು ಕರಾಹತ್, ಜೂಜು ಸೇರಿದರೆ ಅಂಥವನ ಸಾಕ್ಷಿಯೂ ನಡೆಯುವುದಿಲ್ಲ. ಒಂಟಿತನ ಕಳೆಯಲು ಎಂಬ ಕಾರಣವನ್ನು ಅವರು ಸೇರಿಸಿದ್ದು ನೋಡಿ ನನಗೆ ಖುಷಿಯಾಯಿತು. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತು ಸಂಜೆ ಮನೆಗೆ ಬಂದು ಹಕ್ಕಿಗೆ ಕಾಳು ಹಾಕುವ ಹುಡುಗನಿಗೆ ಅಷ್ಟಾದರೂ ಬೇಡವೇ? ನಮಾಝ್ ತಪ್ಪಿಸಿ, ಪಕ್ಕದ ಮನೆಯವರ ಅಂಗಳಕ್ಕೆ ಕಲ್ಲು ಎಸೆದು ಹಕ್ಕಿ ಎಬ್ಬಿಸುವವನ ಕಥೆ ಬೇರೆ. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು ಎಂಬುದನ್ನೂ ಸಾಕುವವರು ನೆನಪಿಡಬೇಕು. ಉಬ್ಬಸ ಇರುವವರ ಮನೆಯ ಕಿಟಕಿಗೆ ಎದುರಾಗಿ ಗೂಡು ಕಟ್ಟುವುದು ಯಾವ ಕಿತಾಬಿನಲ್ಲೂ ಸರಿಯಲ್ಲ.

ಕಾಗದ ಒಯ್ಯುವ ಹಕ್ಕಿ ಅಂದೆನಲ್ಲ. ನವವಿಯವರ ಕಾಲದಲ್ಲಿ ಅದು ಕಥೆಯಲ್ಲ, ಸರಕಾರಿ ಇಲಾಖೆ. ಅವರಿಗಿಂತ ನೂರು ವರ್ಷ ಮೊದಲು, 1171ರ ಹೊತ್ತಿಗೆ, ಸುಲ್ತಾನ್ ನೂರುದ್ದೀನ್ ಝಂಗಿ ಸಿರಿಯಾದಲ್ಲಿ ಪಾರಿವಾಳದ ಅಂಚೆ ಕಟ್ಟಿದ್ದ. ಮುಂದೆ ಮಮ್ಲೂಕರು ಕೈರೋ, ದಮಸ್ಕಸ್ ನಡುವೆ ಗೂಡುಗಳ ಸಾಲನ್ನೇ ಇಟ್ಟರು. ನಮ್ಮ ದೇಶದಲ್ಲಿ ಅಕ್ಬರ್ ಹಕ್ಕಿ ಹಾರಿಸುವುದನ್ನು 'ಇಶ್ಕ್‌ಬಾಝಿ' ಅಂತ ಕರೆದ, ಅವನ ಬಳಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾರಿವಾಳ ಇದ್ದವೆಂದು 'ಐನೆ ಅಕ್ಬರಿ' ಹೇಳುತ್ತದೆ. ಅದು ಬಾದಶಹನ ಶೋಕಿ. ಕೆಲಸಕ್ಕೆ ಬಂದದ್ದು ಒಡಿಶಾದಲ್ಲಿ. 1946ರಲ್ಲಿ ಸೇನೆ ಕೊಟ್ಟ 200 ಹಕ್ಕಿಗಳಿಂದ ಕೋರಾಪುಟ್‌ನಲ್ಲಿ ಒಡಿಶಾ ಪೊಲೀಸರ ಪಾರಿವಾಳ ಸೇವೆ ಶುರುವಾಯಿತು. 1948ರ ಏಪ್ರಿಲ್‌ನಲ್ಲಿ ಸಂಬಲ್‌ಪುರದಲ್ಲಿದ್ದ ಪ್ರಧಾನಿ ನೆಹರೂ ಕಟಕ್‌ನಲ್ಲಿದ್ದ ಅಧಿಕಾರಿಗಳಿಗೆ ಹಕ್ಕಿಯ ಕಾಲಿಗೆ ಕಟ್ಟಿ ಸಂದೇಶ ಕಳಿಸಿದರು. 1999ರ ಮಹಾ ಚಂಡಮಾರುತದಲ್ಲಿ ವೈರ್‌ಲೆಸ್ ಕೈಕೊಟ್ಟಾಗಲೂ ಇವೇ ಹಕ್ಕಿಗಳು ಓಡಾಡಿದವು. ಈಗ ಅಲ್ಲಿ ಅವನ್ನು ನೆನಪಿಗೆ, ಸಮಾರಂಭಕ್ಕೆ ಉಳಿಸಿಕೊಂಡಿದ್ದಾರೆ. ಅಷ್ಟು ವರ್ಷ ಆ ಅಂಚೆ ನಡೆದದ್ದು ಹಕ್ಕಿಯ ರೆಕ್ಕೆಯಿಂದ ಮಾತ್ರ ಅಲ್ಲ, ಕೆಳಗಿನ ನೂರಾರು ಹಳ್ಳಿಯವರು ಅದನ್ನು ಹೋಗಲು ಬಿಟ್ಟದ್ದರಿಂದಲೂ ಅಂತ ನಾನು ಓದಿಕೊಳ್ಳುತ್ತೇನೆ.

ಹೋಗಲು ಬಿಡುವುದು ಈಗ ಕಷ್ಟವಾಗಿದೆ. 2020ರ ಮೇ ತಿಂಗಳಲ್ಲಿ ಜಮ್ಮುವಿನ ಕಠುವಾ ಗಡಿಯಲ್ಲಿ ಒಂದು ಪಾರಿವಾಳ ಸಿಕ್ಕಿತು. ಕಾಲಿನ ರಿಂಗಿನಲ್ಲಿ ಅಂಕಿಗಳಿದ್ದವು, ಗೂಢಚಾರಿಕೆಯ ಸಂಕೇತ ಇರಬಹುದೆಂಬ ಶಂಕೆ ಹುಟ್ಟಿತು. ಗಡಿಯಾಚೆಯ ಹಳ್ಳಿಯೊಬ್ಬ ಹಕ್ಕಿ ತನ್ನದು, ಅಂಕಿ ತನ್ನ ಫೋನ್ ನಂಬರು, ದಯವಿಟ್ಟು ಬಿಟ್ಟುಬಿಡಿ ಎಂದು ಕೇಳಿಕೊಂಡ. ಕೊನೆಗೆ ಏನೂ ಸಿಗದೆ ಬಿಟ್ಟರು. 2023ರಲ್ಲಿ ಮುಂಬೈ ಬಂದರಿನ ಬಳಿ ಸಿಕ್ಕ ಇನ್ನೊಂದು ಹಕ್ಕಿ ಚೀನಾದ ಗೂಢಚಾರಿ ಎಂಬ ಅನುಮಾನದಲ್ಲಿ ಎಂಟು ತಿಂಗಳು ಪ್ರಾಣಿಗಳ ಆಸ್ಪತ್ರೆಯ ಪಂಜರದಲ್ಲಿತ್ತು. ಅದು ತೈವಾನ್‌ನ ಓಟದ ಹಕ್ಕಿ ಅಂತ ಆಮೇಲೆ ತಿಳಿಯಿತು. 2024ರ ಜನವರಿ 30ರಂದು ಹಾರಿಬಿಟ್ಟರು. ಇವೆರಡನ್ನೂ ಓದಿ ನಗುವವರು ನಕ್ಕರು. ನನಗೆ ನಗು ಬರಲಿಲ್ಲ. ರಿಂಗು ಇರುವುದು ಯಜಮಾನ ಯಾರು ಅಂತ ಹೇಳಲಿಕ್ಕೆ. ಅದನ್ನು ಓದಿ ಒಂದು ಫೋನ್ ಮಾಡುವ ಬದಲು ಹಕ್ಕಿಯನ್ನೇ ವಿಚಾರಣೆಗೆ ಕೂರಿಸುತ್ತೇವೆ. ನಮ್ಮ ಹುಡುಗನೊಬ್ಬ ಅಪರಿಚಿತ ರಿಂಗಿನ ಹಕ್ಕಿ ಹಿಡಿದಿಟ್ಟುಕೊಂಡು ನಾಳೆ ಯಾವುದಾದರೂ ತನಿಖೆಗೆ ಸಿಕ್ಕಿಕೊಂಡರೆ? ಹೆಸರು ನೋಡಿ ಸುದ್ದಿ ಮಾಡುವ ಕಾಲ ಇದು. ಬಚ್ಚಿಡುವುದಕ್ಕಿಂತ ಎಲ್ಲರೆದುರು ತೋರಿಸಿ, ಫೋಟೋ ತೆಗೆದು, ಬಿಟ್ಟುಬಿಡುವುದೇ ಕ್ಷೇಮ.

ಹಾಗಂತ ಸಾಕುವವರ ತಪ್ಪೇ ಇಲ್ಲ ಅನ್ನಲಾಗದು. 1997ರ ಜೂನ್ 29ರಂದು ಬ್ರಿಟನ್ನಿನ ರಾಯಲ್ ಪಿಜನ್ ರೇಸಿಂಗ್ ಅಸೋಸಿಯೇಷನ್ ತನ್ನ ಶತಮಾನೋತ್ಸವದ ಓಟಕ್ಕೆ ಫ್ರಾನ್ಸಿನ ನಾಂತ್‌ನಿಂದ 60 ಸಾವಿರದಷ್ಟು ಹಕ್ಕಿಗಳನ್ನು ಒಮ್ಮೆಗೇ ಬಿಟ್ಟಿತು. ಸಾವಿರ ಸಾವಿರ ಹಕ್ಕಿಗಳು ಮನೆ ಸೇರಲಿಲ್ಲ. ಸಮುದ್ರದ ಮೇಲೆ ಹಾದುಹೋದ ಕಾಂಕಾರ್ಡ್ ವಿಮಾನದ ಶಬ್ದದಿಂದ ದಿಕ್ಕು ತಪ್ಪಿತು ಎಂಬುದು ಒಬ್ಬ ಭೂವಿಜ್ಞಾನಿಯ ತರ್ಕ. ಕಾರಣ ಏನೇ ಇರಲಿ, ಅವು ಪಳಗಿದ ಹಕ್ಕಿಗಳು. ಹಾಗಿರುವಾಗ ಪಳಗದ ಮರಿಯನ್ನು ಬಸ್ಸಿನಲ್ಲಿ ನೂರು ಕಿ.ಮೀ. ಒಯ್ದು, ಮೋಡದ ದಿನ ಮಧ್ಯಾಹ್ನ ಎರಡು ಗಂಟೆಗೆ ಬಿಟ್ಟು, ಸಂಜೆ ಬರಲಿಲ್ಲ ಅಂತ ಅಳುವುದರಲ್ಲಿ ಅರ್ಥವಿಲ್ಲ. ಬಿಡುವುದಾದರೆ ಬೆಳಿಗ್ಗೆ, ಆಕಾಶ ತಿಳಿಯಾಗಿರುವಾಗ, ಹೊಟ್ಟೆ ಹಗುರವಾಗಿರುವಾಗ. ಪಾರಿವಾಳ ಕತ್ತಲಲ್ಲಿ ಹಾರುವ ಹಕ್ಕಿಯಲ್ಲ. ಕತ್ತಲಾದರೆ ಇಳಿಯಲೇಬೇಕು, ಇಳಿದ ಕಡೆ ಏನು ಕಾದಿದೆಯೋ ಯಾರಿಗೆ ಗೊತ್ತು.

ರಿಂಗು ಹಾಕದೆ ಹಾರಿಸುವವರಿಗೂ ಒಂದು ಮಾತು. ಮುಚ್ಚಿದ ರಿಂಗು ಹಾಕಲು ಮರಿಗೆ ಒಂದು ವಾರ ಆಗುವ ಹೊತ್ತೇ ಸರಿ. ಆಗ ಬೆರಳುಗಳನ್ನು ಕೂಡಿಸಿ ತೂರಿಸಬಹುದು, ಆಮೇಲೆ ಕಾಲು ದಪ್ಪವಾಗಿ ಅದು ಹೊರಗೆ ಬರುವುದಿಲ್ಲ. ಕ್ಲಬ್‌ನ ಅಕ್ಷರ, ವರ್ಷ, ಸಂಖ್ಯೆ ಅದರ ಮೇಲಿರುತ್ತದೆ. ಕ್ಲಬ್ ಇಲ್ಲದ ಹಳ್ಳಿಯವರು ಇನ್ನೊಂದು ಕಾಲಿಗೆ ಫೋನ್ ನಂಬರಿನ ಪ್ಲಾಸ್ಟಿಕ್ ರಿಂಗು ಹಾಕಿದರೂ ಸಾಕು. ರಿಂಗಿನಲ್ಲೂ ಮೋಸ ಉಂಟು ಎಂಬುದೂ ನಿಜ. 2020ರ ಕೊನೆಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಸಿಕ್ಕ ಒಂದು ಹಕ್ಕಿಯ ಕಾಲಲ್ಲಿ ಅಮೆರಿಕದ ರಿಂಗು ಕಂಡು, ರೋಗ ತಂದೀತೆಂದು ಕೊಲ್ಲಲು ಹೊರಟಿದ್ದರು. ರಿಂಗು ನಕಲಿ, ಹಕ್ಕಿ ಅಲ್ಲಿಯದೇ ಇರಬೇಕು ಅಂತ ತಿಳಿದಾಗ ಅದರ ಜೀವ ಉಳಿಯಿತು.

ಹಾಗಾದರೆ ಸೋತ ಹಕ್ಕಿ ಬಂದು ಕೂತರೆ ಏನು ಮಾಡಬೇಕು? ಮೊದಲು ನೀರು. ಕೊಕ್ಕು ಮುಳುಗುವಷ್ಟು ಆಳದ ಬಟ್ಟಲಲ್ಲಿ, ಯಾಕೆಂದರೆ ಪಾರಿವಾಳ ಕೋಳಿಯ ಹಾಗೆ ತಲೆ ಎತ್ತಿ ನುಂಗುವುದಿಲ್ಲ, ಕೊಕ್ಕು ಅದ್ದಿ ಎಳೆದು ಕುಡಿಯುತ್ತದೆ. ಆಮೇಲೆ ಜೋಳ, ರಾಗಿ, ಬಟಾಣಿ, ಯಾವುದಾದರೂ ಒಣ ಕಾಳು. ಅನ್ನ, ಬ್ರೆಡ್ಡು ಬೇಡ. ನಿಮ್ಮ ಹಕ್ಕಿಗಳ ಜೊತೆ ಬಿಡಬೇಡಿ, ರೋಗ ಇದ್ದರೆ ಎಲ್ಲಕ್ಕೂ ಹತ್ತುತ್ತದೆ. ರಾತ್ರಿ ಬೆಕ್ಕು ಸಿಗದ ಕಡೆ ರಟ್ಟಿನ ಪೆಟ್ಟಿಗೆಯಲ್ಲಿ, ಗಾಳಿಗೆ ತೂತು ಮಾಡಿ ಇಡಿ. ರಿಂಗಿನ ಫೋಟೋ ತೆಗೆಯಿರಿ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಮಾಳಿಗೆಯಲ್ಲಿ ಪೆಟ್ಟಿಗೆ ತೆರೆಯಿರಿ. ಗಾಯ ಇಲ್ಲದ ಹೋಮರ್ ಒಂದೆರಡು ದಿನದಲ್ಲಿ ಎದ್ದು, ನೆತ್ತಿಯ ಮೇಲೆ ಎರಡು ಸುತ್ತು ಹಾಕಿ, ತನ್ನ ದಿಕ್ಕು ಹಿಡಿಯುತ್ತದೆ. ಹೋಗದಿದ್ದರೆ ಯಜಮಾನನಿಗೆ ತಿಳಿಸಿ. ಅವನು ತರಿಸಿಕೊಳ್ಳುವ ಖರ್ಚು ಕೊಟ್ಟರೆ ಸರಿ, ಕಾಳಿನ ದುಡ್ಡು ಕೇಳಿದರೂ ತಪ್ಪಿಲ್ಲ. ಬೆಲೆ ಕಟ್ಟುವುದು ತಪ್ಪು.

ಅರಸೀಕೆರೆ, ಬಾಣಾವರ, ಜಾವಗಲ್, ಕಣಕಟ್ಟೆ, ಗಂಡಸಿ ಅಂತ ತಾಲೂಕಿಗೆ ಐದು ಹೋಬಳಿ. ಹೋಬಳಿಗೆ ಒಬ್ಬೊಬ್ಬ ನಂಬಿಕಸ್ಥ ಸಾಕಣೆದಾರ ಸೇರಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ಸಿಕ್ಕ ರಿಂಗಿನ ಫೋಟೋ ಹಾಕಲು ಎಷ್ಟು ಹೊತ್ತು? ಬಾಜಿಯ ದಿನ ಬೇಕಾದರೆ ನೂರು ಜನರ ಗುಂಪು ಅರ್ಧ ಗಂಟೆಯಲ್ಲಿ ತಯಾರಾಗುತ್ತದೆ. ಜಮಾಅತಿನವರು ಮಸೀದಿಯ ಬೋರ್ಡಿನಲ್ಲಿ ಕಳೆದ ಪರ್ಸು, ಸಿಕ್ಕ ಬೀಗದ ಕೈಗೆ ಜಾಗ ಕೊಡುವ ಹಾಗೆ ಸಿಕ್ಕ ಹಕ್ಕಿಗೂ ಒಂದು ಚೀಟಿ ಅಂಟಿಸಲಿ. ಗ್ರಾಮ ಪಂಚಾಯತಿ ಗೋಡೆಯಲ್ಲೂ ಅಂಟಿಸಬಹುದು, ಹಕ್ಕಿಯ ಯಜಮಾನ ಯಾರ ಮನೆಯವನೋ ಮೊದಲೇ ಗೊತ್ತಿರುವುದಿಲ್ಲವಲ್ಲ.

ಕೊನೆಗೆ ಉಳಿಯುವುದು ರಿಂಗೇ ಇಲ್ಲದೆ ಬಂದು, ನಿಮ್ಮ ಹಿಂಡಿನಲ್ಲಿ ಬೆರೆತು, ಯಾವುದು ನಿಮ್ಮದು ಯಾವುದು ಪಕ್ಕದ ಮನೆಯದು ಅಂತಲೇ ತಿಳಿಯದ ಹಕ್ಕಿ. ನವವಿ ಅದನ್ನೂ ಬಿಟ್ಟಿಲ್ಲ. ಬೇರ್ಪಡಿಸಲು ಆಗದ ಹಾಗೆ ಬೆರೆತರೆ ಇಬ್ಬರಲ್ಲಿ ಒಬ್ಬನೇ ಅದರಲ್ಲಿ ಯಾವುದನ್ನೂ ಮೂರನೆಯವನಿಗೆ ಮಾರುವ ಹಾಗಿಲ್ಲ, ದಾನ ಕೊಡುವ ಹಾಗೂ ಇಲ್ಲ. ಆದರೆ ಅವರಿಬ್ಬರು ತಮ್ಮೊಳಗೆ ಕೊಟ್ಟು ತೆಗೆದುಕೊಳ್ಳಬಹುದು. ಅಂದರೆ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ, 'ಭಾಯ್, ನಿಮ್ಮ ಹಕ್ಕಿ ಏನಾದ್ರೂ ಕಮ್ಮಿ ಇದೆಯಾ?' ಅಂತ ಕೇಳಬೇಕು.